ಹೋಪುಕಾಗ

ಪಂಡಿತನೂ ಅಂಬಿಗನೂ ಹೊಳೆ ದಾಟಿದ ಕಥೆಯನ್ನು ನಮ್ಮಲ್ಲಿ ಕೇಳದವರಿಲ್ಲ. ದೋಣಿಯಲ್ಲಿ ಠೀವಿಯಿಂದ ಕುಳಿತ ಪಂಡಿತ, ವ್ಯಾಕರಣ ಬಲ್ಲೆಯಾ ಎಂದು ಅಂಬಿಗನನ್ನು ಕೇಳುತ್ತಾನೆ. ಅವನು ಇಲ್ಲವೆಂದಾಗ, ಹಾಗಾದರೆ ನಿನ್ನ ಅರ್ಧ ಆಯುಷ್ಯ ವ್ಯರ್ಥವಾಯಿತೆಂದು ಮರುಗುತ್ತಾನೆ. ನಡುಹೊಳೆಯಲ್ಲಿ ಗಾಳಿ ಏಳುತ್ತದೆ. ಸ್ವಾಮಿಗಳಿಗೆ ಈಜು ಬರುತ್ತದೆಯೋ ಎಂದು ಕೇಳುವ ಸರದಿ ಈಗ ಅಂಬಿಗನದು. ಪಂಡಿತನ ಪೂರ್ತಿ ಆಯುಷ್ಯ ಹೋಗುವುದರೊಂದಿಗೆ ಕಥೆ ಮುಗಿಯುತ್ತದೆ. 13ನೆಯ ಶತಮಾನದ ಪಾರಸಿ ಕವಿ ರೂಮಿಯ 'ಮಸ್ನವಿ'ಯಲ್ಲಿಯೂ ಈ ಕಥೆ ಉಂಟು. ಅಲ್ಲಿ ದೋಣಿ ಹತ್ತಿದವನು ಬರಿಯ ಪಂಡಿತನಲ್ಲ, ಸಾಕ್ಷಾತ್ ವೈಯಾಕರಣಿ.

ಇಪ್ಪತ್ತು ವರ್ಷಗಳಿಂದ ಕಾಲೇಜಿನಲ್ಲಿ ಕನ್ನಡ ವ್ಯಾಕರಣ ಹೇಳುತ್ತಾ ಬಂದಿರುವ ನಾನು ಈ ಕಥೆಯನ್ನು ತರಗತಿಯಲ್ಲಿ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಹೇಳುವಾಗಲೆಲ್ಲ ನಾನು ಅಂಬಿಗನ ಪಕ್ಷ. ಕಾರಣ ಸರಳ, ನನಗೆ ವ್ಯಾಕರಣವೂ ಬರುತ್ತದೆ, ಈಜೂ ಬರುತ್ತದೆ. ಬಯಲುಸೀಮೆಯ ನಮ್ಮೂರಿನ ಕೆರೆಯಲ್ಲಿ, ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು, ಏಳನೆಯ ವಯಸ್ಸಿನಲ್ಲೇ ಈಜು ಕಲಿತವನು ನಾನು. ಕಥೆಯ ಇಬ್ಬರ ವಿದ್ಯೆಯೂ ಒಬ್ಬನಲ್ಲೇ ಇರುವಾಗ ಭಯವೆಲ್ಲಿಯದು? ಹೀಗೆಂದುಕೊಂಡೇ ನಾನು 2023ರ ಜನವರಿಯ ತನಕ ಸುಖವಾಗಿದ್ದೆ.

ನನ್ನ ತಂಗಿಯನ್ನು ಕೊಟ್ಟಿರುವುದು ಕುಂದಾಪುರದ ಕಡೆಗೆ. ಆ ಊರಿನ ಮಗ್ಗುಲಲ್ಲಿ ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ ಎಂಬ ಐದು ನದಿಗಳು ಒಂದಾಗಿ ಪಂಚಗಂಗಾವಳಿ ಎನಿಸಿಕೊಂಡು, ಗಂಗೊಳ್ಳಿಯ ಬಳಿ ಕಡಲನ್ನು ಸೇರುತ್ತವೆ. ಸೇರುವ ಮುನ್ನ ಅವಕ್ಕೆ ಅವಸರವಿಲ್ಲ. ಕುದ್ರುಗಳನ್ನು ಬಳಸಿ, ಕಾಂಡ್ಲಾ ಗಿಡಗಳ ಬೇರುಗಳ ನಡುವೆ ಸುಳಿದು, ನಿಂತಿವೆಯೋ ಹರಿಯುತ್ತಿವೆಯೋ ತಿಳಿಯದಷ್ಟು ನಿಧಾನವಾಗಿ ಸಾಗುತ್ತವೆ. ಈಚಿನ ವರ್ಷಗಳಲ್ಲಿ ಆ ನೀರಿನ ಮೇಲೆ ಕಯಾಕ್ ಎಂಬ ಹೊಸ ದೋಣಿ ಬಂದಿದೆ. ಪ್ಲಾಸ್ಟಿಕ್ಕಿನ ಹಗುರವಾದ ದೋಣಿ. ಎರಡು ತುದಿಗೂ ಅಲಗಿರುವ ಒಂದೇ ಹುಟ್ಟು. ಎಡಕ್ಕೊಮ್ಮೆ ಬಲಕ್ಕೊಮ್ಮೆ ನೀರನ್ನು ಹಿಂದಕ್ಕೆ ತಳ್ಳಿದರೆ ಮುಂದಕ್ಕೆ ಹೋಗುತ್ತದೆ. ಮಕ್ಕಳ ಆಟಿಕೆಯಂತೆ ಕಾಣುವ ಇದು ಹುಟ್ಟಿನಿಂದ ಆಟಿಕೆಯಲ್ಲ. ಉತ್ತರಧ್ರುವದ ಹಿಮಪ್ರದೇಶದ ಇನ್ಯೂಟ್ ಜನ, ಕಟ್ಟಿಗೆ ಎಲುಬುಗಳ ಹಂದರಕ್ಕೆ ಸೀಲ್ ಪ್ರಾಣಿಯ ಚರ್ಮ ಹೊದಿಸಿ, ಬೇಟೆಗಾಗಿ ಕಟ್ಟಿಕೊಂಡ ದೋಣಿ ಇದು. ಅಂಗಿ ಹೊಲಿಸುವಂತೆ, ಕೂರುವವನ ಮೈಯಳತೆಗೇ ಅದನ್ನು ಕಟ್ಟುತ್ತಿದ್ದರು. ಮಗುಚಿದರೆ ದೋಣಿಯಿಂದ ಇಳಿಯದೆಯೇ ನೀರೊಳಗಿಂದ ಮತ್ತೆ ಮೇಲಕ್ಕೆ ಉರುಳಿಬರುವ ವಿದ್ಯೆಯನ್ನು ಅವರು ಎಳವೆಯಲ್ಲೇ ಕಲಿಯುತ್ತಿದ್ದರು. ನಾವು ದೋಣಿಯನ್ನು ತಂದುಕೊಂಡೆವು. ಆ ಎಳವೆಯನ್ನು ತರಲಾಗಲಿಲ್ಲ.

ನಾನು ಮೊದಲ ಸಲ ಕಯಾಕ್ ಹತ್ತಿದ್ದು 2022ರ ದಸರಾ ರಜೆಯಲ್ಲಿ. ಆ ದಿನ ನನಗಿದ್ದ ಭಯವನ್ನು ನೆನೆದರೆ ಈಗಲೂ ನಗು ಬರುತ್ತದೆ. ಜಾಕೆಟ್ಟಿನ ಪಟ್ಟಿಗಳನ್ನು ಉಸಿರು ಕಟ್ಟುವಷ್ಟು ಬಿಗಿದುಕೊಂಡು, ದಡದಿಂದ ಹತ್ತು ಮಾರು ದೂರದಲ್ಲೇ ಅರ್ಧ ಗಂಟೆ ಸುತ್ತಿ, ದೇವರ ದಯೆಯಿಂದ ಬಂದೆನೆಂಬಂತೆ ಇಳಿದೆ. ಎರಡನೆಯ ಸಲ ಕ್ರಿಸ್ಮಸ್ ರಜೆಯಲ್ಲಿ. ಬೆಳಗಿನ ಹೊತ್ತು, ನೀರು ಕನ್ನಡಿಯಂತಿತ್ತು. ಒಂದು ಕುದ್ರುವನ್ನು ಸುತ್ತಿ ಬಂದೆ. ದೋಣಿಯ ಹುಡುಗ 'ಲಾಯ್ಕ್ ಮಾಡ್ತ್ರಿ ಮಾಷ್ಟ್ರೇ' ಎಂದ. ಆ ಒಂದು ಮಾತು ಸಾಕಾಯಿತು. ಊರಿಗೆ ಮರಳಿದ ಮೇಲೆ ಅಧ್ಯಾಪಕರ ಕೊಠಡಿಯಲ್ಲಿ ಕಯಾಕ್ ನಡೆಸುವ ಕ್ರಮದ ಬಗೆಗೆ ನಾನು ಎರಡು ಉಪನ್ಯಾಸಗಳನ್ನೇ ಕೊಟ್ಟೆ. ಉತ್ತರನ ಪೌರುಷ ಒಲೆಯ ಮುಂದೆ ಎನ್ನುತ್ತಾರೆ. ನಮ್ಮದು ಕಾಫಿ ಲೋಟದ ಮುಂದೆ.

ಮೂರನೆಯ ಸಲ ಹೋದದ್ದು 2023ರ ಜನವರಿ 22, ಭಾನುವಾರ. ತಂಗಿಯ ಮನೆಯಲ್ಲಿ ಪೂಜೆಯ ಊಟ ಮುಗಿದಿತ್ತು. ತಂಗಿಯ ಮಗಳು, ಹನ್ನೆರಡು ವರ್ಷದ ಹುಡುಗಿ, 'ಮಾವ, ನನ್ನನ್ನೂ ದೋಣಿಗೆ ಕರಕೊಂಡು ಹೋಗಿ' ಎಂದು ಬೆನ್ನು ಹತ್ತಿದಳು. ಭಾವನವರು ಬಿಸಿಲು ಎಂದರು. ತಂಗಿ ಮಾತ್ರ 'ಅಣ್ಣ ಜೊತೆಗಿರುವಾಗ ಏನು ಭಯ?' ಎಂದು ಕಳುಹಿಸಿಕೊಟ್ಟಳು. ಈ ವಾಕ್ಯವನ್ನು ಓದುಗರು ದಯವಿಟ್ಟು ನೆನಪಿನಲ್ಲಿಡಬೇಕು. ನಾನಂತೂ ಮರೆಯುವಂತಿಲ್ಲ.

ಹೊಳೆಯ ದಂಡೆಯಲ್ಲಿ ದೋಣಿಯ ಹುಡುಗ ನಮ್ಮೈದಾರು ಮಂದಿಯನ್ನು ನಿಲ್ಲಿಸಿಕೊಂಡು ಎಚ್ಚರಿಕೆ ಹೇಳಿದ. ಎಲ್ಲರೂ ಜಾಕೆಟ್ ಹಾಕಿಕೊಳ್ಳಬೇಕು, ಈ ಕುದ್ರುವನ್ನು ಸುತ್ತಿ ಅರ್ಧ ಗಂಟೆಯೊಳಗೆ ಬರಬೇಕು ಎಂದ ಮೇಲೆ, 'ಹ್ವಾಯ್, ಸಮಾ ಕೇಣಿ. ಇಳ್ತ ಸುರು ಆಯ್ತ್. ಅಳ್ವಿ ಬದಿಗೆ ಹೋಪುಕಾಗ. ದೋಣಿ ಮಗ್ಚಿರೆ ದೋಣಿ ಬಿಡುಕಾಗ' ಎಂದ. ನಾನು ಸಮನಾಗಿಯೇ ಕೇಳಿದೆ. ಆದರೆ ಕೇಳಿದ್ದೇನು? 'ಹೋಪುಕಾಗ!' ಆಹಾ, ಹಳಗನ್ನಡದ 'ಪೋಪ' ಇಲ್ಲಿ ಈ ಹುಡುಗನ ನಾಲಗೆಯ ಮೇಲೆ ಬರಿಯ ಪಕಾರವನ್ನು ಹಕಾರ ಮಾಡಿಕೊಂಡು ಜೀವಂತವಾಗಿದೆಯಲ್ಲ! ಕೇಶಿರಾಜನನ್ನು ಬಾಯಿಪಾಠ ಮಾಡುವ ನನ್ನ ಎಂ.ಎ. ವಿದ್ಯಾರ್ಥಿಗಳನ್ನು ಒಂದು ದಿನ ಇಲ್ಲಿಗೆ ಕರೆತರಬೇಕು. 'ಬಿಡುಕಾಗ'ದಲ್ಲಿ ನಿಷೇಧ ಹೇಗೆ ಕೂಡಿಕೊಂಡಿದೆ ಎಂಬುದನ್ನು ತೋರಿಸಬೇಕು. ಹೀಗೆ ನನ್ನ ಮನಸ್ಸು ಪದವನ್ನು ಚಪ್ಪರಿಸುತ್ತಿರುವಾಗ ವಾಕ್ಯ ಕಿವಿಯನ್ನು ದಾಟಿ ಹೋಯಿತು. ಹೋಗಬಾರದು ಎಂಬ ಮಾತಿನ ರೂಪವನ್ನು ಅಷ್ಟು ಪ್ರೀತಿಯಿಂದ ಬಿಡಿಸಿದವನು, ಹೋಗಬಾರದೆಂಬುದನ್ನು ಮಾತ್ರ ತಿಳಿದುಕೊಳ್ಳಲಿಲ್ಲ.

ಇಬ್ಬರು ಕೂರುವ ದೋಣಿಯಲ್ಲಿ ಮಗು ಮುಂದೆ, ನಾನು ಹಿಂದೆ. ಹೊರಟ ಹತ್ತು ನಿಮಿಷಕ್ಕೆ ಕುದ್ರುವಿನ ಮೂಲೆ ಬಂತು. ನನ್ನ ತೋಳಿನ ಬಲಕ್ಕೆ ನಾನೇ ಬೆರಗಾದೆ. ಹುಟ್ಟು ಮುಟ್ಟಿಸಿದರೆ ಸಾಕು, ದೋಣಿ ಜಾರುತ್ತಿತ್ತು. ಇಷ್ಟು ಬೇಗ ಹಿಂದಿರುಗುವುದೇ? ಇನ್ನಷ್ಟು ದೂರ ಹೋಗೋಣ ಎಂದೆ. ಹುಡುಗನ ಕಣ್ಣು ಮರೆಯಾದೊಡನೆ, ಸೆಕೆಯೆಂದು ಜಾಕೆಟ್ಟನ್ನು ಬಿಚ್ಚಿ ಬೆನ್ನ ಹಿಂದೆ ಸಿಕ್ಕಿಸಿಕೊಂಡೆ. ಅಷ್ಟೇ ಆಗಿದ್ದರೆ ನನ್ನ ತಪ್ಪು ನನ್ನ ಮೈಗೆ ಮಾತ್ರ ಸಂಬಂಧಿಸಿದ್ದಾಗುತ್ತಿತ್ತು. ಮುಂದೆ ಕುಳಿತ ಮಗುವಿಗೂ, 'ಸೆಕೆಯಾದರೆ ನೀನೂ ತೆಗೆದುಬಿಡು, ಮಾವ ಇದ್ದಾನಲ್ಲ' ಎಂದೆ.

'ಬೇಡ ಮಾವ, ಅಮ್ಮ ಬಯ್ತಾರೆ' ಎಂದಳು.

ಕಾಂಡ್ಲಾ ಗಿಡಗಳ ಮರೆ ಮುಗಿದು ಬಯಲಾದ ನೀರಿಗೆ ಬಂದಾಗ ಎದುರಿನಿಂದ ಕಡಲ ಗಾಳಿ ಬಡಿಯಿತು. ಆಗ ಮಧ್ಯಾಹ್ನ ಮೂರು ಗಂಟೆ. ಹಿಂದಿನ ದಿನ ಅಮಾವಾಸ್ಯೆ. ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿ ಸೂರ್ಯ ಚಂದ್ರರ ಸೆಳೆತ ಒಂದುಗೂಡಿ, ಭರತ ಹೆಚ್ಚು ಏರುತ್ತದೆ, ಇಳಿತ ಹೆಚ್ಚು ಇಳಿಯುತ್ತದೆ. ಏರಿದ ನೀರೆಲ್ಲ ಅದೇ ಆರು ಗಂಟೆಗಳಲ್ಲಿ ಅದೇ ಕಿರಿದಾದ ಅಳಿವೆಯಿಂದ ಹೊರಗೆ ಹೋಗಬೇಕಾದ್ದರಿಂದ ಸೆಳವೂ ಹೆಚ್ಚು. ಇತ್ತ ಬಿಸಿಲಿಗೆ ನೆಲ ಕಾದು, ಮಧ್ಯಾಹ್ನವಾಗುತ್ತಲೇ ಕಡಲಿನಿಂದ ಗಾಳಿ ಒಳಕ್ಕೆ ನುಗ್ಗುತ್ತದೆ. ನೀರು ಹೊರಕ್ಕೆ, ಗಾಳಿ ಒಳಕ್ಕೆ. ಎರಡೂ ಮುಖಾಮುಖಿಯಾದಲ್ಲಿ ಅಲೆಗಳು ಗಿಡ್ಡಗೆ ನೆಟ್ಟಗೆ ಎದ್ದು ನಿಲ್ಲುತ್ತವೆ. ಇದನ್ನೆಲ್ಲ ಈಗ ಬಲ್ಲವನಂತೆ ಬರೆಯುತ್ತಿದ್ದೇನೆ. ಅಂದು ನನಗೆ ತಿಳಿದದ್ದು ಇಷ್ಟೇ: ನೀರಿನ ಬಣ್ಣ ಬದಲಾಯಿತು, ದೋಣಿ ಕುಣಿಯತೊಡಗಿತು, ಮಗು ಮಾತು ನಿಲ್ಲಿಸಿತು.

ಹಿಂದಿರುಗೋಣವೆಂದು ದೋಣಿಯನ್ನು ತಿರುಗಿಸಿದೆ. ತಿರುಗಿಸುವಾಗ ಅದರ ಪಕ್ಕೆ ಅಲೆಗೆ ಎದುರಾಗಬೇಕಷ್ಟೆ? ಮೊದಲನೆಯ ಅಲೆಗೆ ವಾಲಿತು. ನಾನು ಗಾಬರಿಯಿಂದ ಇನ್ನೊಂದು ಕಡೆಗೆ ಬಾಗಿದೆ. ಎರಡನೆಯ ಅಲೆ ನನ್ನ ಗಾಬರಿಯೊಂದಿಗೆ ಕೈಗೂಡಿಸಿತು.

ಕೆರೆಯಲ್ಲಿ ಈಜು ಕಲಿತವನಿಗೆ ಒಂದು ವಿಷಯ ಗೊತ್ತಿರುವುದಿಲ್ಲ. ಕೆರೆ ಎಲ್ಲಿಗೂ ಹೋಗುವುದಿಲ್ಲ. ಮೇಲೆದ್ದು ಕಣ್ಣು ಬಿಟ್ಟಾಗ ಬಾಯಿಯ ತುಂಬ ಉಪ್ಪು ನೀರು. ಬೋರಲಾದ ದೋಣಿಯ ಒಂದು ಕಡೆ ನಾನು, ಇನ್ನೊಂದು ಕಡೆ ಕಿತ್ತಳೆ ಬಣ್ಣದ ಜಾಕೆಟ್ಟಿನಲ್ಲಿ ಬೆಂಡಿನಂತೆ ತೇಲುತ್ತಿರುವ ಮಗು. ನನ್ನ ಜಾಕೆಟ್ಟು ನಮ್ಮಿಬ್ಬರಿಗಿಂತ ಮುಂದಾಗಿ ಕಡಲ ಕಡೆಗೆ ಹೊರಟುಹೋಗಿತ್ತು. ದಡ ಹತ್ತಿರವೇ ಇದ್ದಂತೆ ಕಂಡಿತು. ಆ ಗಳಿಗೆಯಲ್ಲೂ ನನ್ನ ಅಹಂಕಾರ ಮುಳುಗಿರಲಿಲ್ಲ. ಅದಕ್ಕೆ ನನಗಿಂತ ಚೆನ್ನಾಗಿ ಈಜು ಬರುತ್ತಿತ್ತೆಂದು ಕಾಣುತ್ತದೆ. ಮಗುವನ್ನು ಎಳೆದುಕೊಂಡು ಈಜಿಯೇಬಿಡುತ್ತೇನೆಂದು ದೋಣಿಯ ಹಗ್ಗವನ್ನು ಕೈಬಿಟ್ಟೆ.

'ಮಾವ, ದೋಣಿ ಬಿಡುಕಾಗ!' ಎಂದು ಮಗು ಕಿರುಚಿತು. 'ಅವ್ರ್ ಹೇಳಿದ್ರಲ್ಲ, ದೋಣಿ ಬಿಡುಕಾಗ!'

ನಾನು ಮತ್ತೆ ಹಗ್ಗ ಹಿಡಿದೆ. ನನ್ನ ಬದುಕಿನಲ್ಲಿ ನಾನು ಅರ್ಥಮಾಡಿಕೊಂಡ ಅತ್ಯಂತ ಸ್ಪಷ್ಟವಾದ ಕನ್ನಡ ವಾಕ್ಯ ಅದು. ಕೈಬಿಟ್ಟಿದ್ದ ಆ ನಾಲ್ಕಾರು ಕ್ಷಣಗಳಲ್ಲೇ ದೋಣಿ ಒಂದು ಮಾರು ದೂರವಾಗಿತ್ತು. ಮತ್ತೆ ಹಿಡಿಯಲು ನನ್ನ ಶಕ್ತಿಯೆಲ್ಲ ಬೇಕಾಯಿತು. ಎಷ್ಟು ಹೊತ್ತು ತೇಲಿದೆವೋ ತಿಳಿಯದು, ಕಾಲು ಗಂಟೆಯಿರಬಹುದು. ಅಳಿವೆಯ ಮೊರೆತ ಹತ್ತಿರವಾಗುತ್ತಿತ್ತು. ಬಲೆ ಬೀಸುತ್ತಿದ್ದ ಮುದುಕರೊಬ್ಬರು ತಮ್ಮ ಪಾತಿದೋಣಿಯನ್ನು, ಅವಸರವಿಲ್ಲದೆ ಆದರೆ ಒಂದು ಹುಟ್ಟನ್ನೂ ವ್ಯರ್ಥಮಾಡದೆ, ನಮ್ಮ ಬಳಿಗೆ ತಂದರು. ಮೊದಲು ಮಗುವನ್ನು ಎತ್ತಿಕೊಂಡರು. ಆಮೇಲೆ ನನ್ನನ್ನು. ಕಯಾಕನ್ನು ಹಿಂದಕ್ಕೆ ಕಟ್ಟಿಕೊಂಡು, ಸೆಳವು ಕಡಿಮೆಯಿರುವ ದಡದ ಅಂಚನ್ನೇ ಹಿಡಿದು ಮೇಲಕ್ಕೆ ಹೊರಟರು.

ಸ್ವಲ್ಪ ಸುಧಾರಿಸಿಕೊಂಡ ಮೇಲೆ, ಸಮಜಾಯಿಷಿ ಹೇಳುವ ಚಪಲ ನನಗೆ. 'ಹೋಗುವಾಗ ಎಷ್ಟು ಸಲೀಸಾಗಿ ಹೋದೆ ಗೊತ್ತೆ?' ಎಂದೆ.

'ನೀವ್ ಹ್ವಾದ್ದಲ್ಲ ಮಾಷ್ಟ್ರೇ' ಎಂದರು ಅವರು, 'ನೀರ್ ಕರ್ಕಂಡ್ ಹೋದ್ದ್.'

ಕರ್ತರಿ ಪ್ರಯೋಗ, ಕರ್ಮಣಿ ಪ್ರಯೋಗ ಎಂದು ಕಪ್ಪು ಹಲಗೆಯ ಮೇಲೆ ಎರಡು ಗೆರೆ ಎಳೆದು ಇಪ್ಪತ್ತು ವರ್ಷ ಪಾಠ ಹೇಳಿದವನು ನಾನು. ಕ್ರಿಯೆ ನಡೆಸಿದವನು ಯಾರು, ಕ್ರಿಯೆಗೆ ಒಳಗಾದವನು ಯಾರು ಎಂಬುದನ್ನು ತಿಳಿಯುವುದೇ ವ್ಯಾಕರಣದ ಮೊದಲ ಮೆಟ್ಟಿಲೆಂದು ಸಾರಿದವನು. ನನ್ನ ವಾಕ್ಯದಲ್ಲೇ ಕರ್ತೃ ಯಾರೆಂಬುದು ನನಗೆ ತಿಳಿಯಲಿಲ್ಲ. ಲೆಕ್ಕ ಹಾಕಿ ನೋಡಿ. ನನ್ನಂಥ ಹೊಸಬ ಗಂಟೆಗೆ 4 ಕಿಲೋಮೀಟರು ಹುಟ್ಟು ಹಾಕಬಲ್ಲ ಎನ್ನೋಣ. ನೀರು ಗಂಟೆಗೆ 2 ಕಿಲೋಮೀಟರು ಹರಿಯುತ್ತಿದೆ ಎನ್ನೋಣ. ನೀರಿನೊಡನೆ ಹೋಗುವಾಗ 6. ಎರಡು ಕಿಲೋಮೀಟರಿಗೆ 20 ನಿಮಿಷ. ನೀರಿಗೆದುರಾಗಿ ಬರುವಾಗ 2. ಅದೇ ದೂರಕ್ಕೆ ಒಂದು ಗಂಟೆ. ತೋಳು ಸೋತು 4 ಎಂಬುದು 3 ಆಯಿತೆಂದರೆ ಎರಡು ಗಂಟೆ. ಅದೂ 2 ಆಯಿತೆಂದರೆ, ಎಷ್ಟು ಹುಟ್ಟು ಹಾಕಿದರೂ ನಿಂತಲ್ಲೇ ನಿಂತಿರುತ್ತೇವೆ. ಹೋಗುವಾಗ ನೀರು ಕೊಟ್ಟದ್ದು ದಾನವಲ್ಲ, ಸಾಲ. ನಾನು ಅದನ್ನು ನನ್ನ ತೋಳಿನ ಸಂಪಾದನೆಯೆಂದು ಜಮಾ ಬರೆದುಕೊಂಡಿದ್ದೆ.

ಆಮೇಲೆ ಈ ವಿಷಯದಲ್ಲಿ ಒಂದಿಷ್ಟು ಓದಿದೆ. ಬಿದ್ದ ಮೇಲೆ ಓದುವುದು ನಮ್ಮ ಕಸುಬಿನವರ ಜಾಯಮಾನ. ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಓಲಾ ಸ್ವೆನ್ಸನ್ ಎಂಬವರು 1981ರಲ್ಲಿ, ವಾಹನ ನಡೆಸುವ ಕೌಶಲದಲ್ಲಿ ತಮ್ಮ ಗುಂಪಿನವರ ನಡುವೆ ತಮ್ಮ ಸ್ಥಾನ ಎಲ್ಲಿ ಎಂದು ಕೆಲವರನ್ನು ಕೇಳಿ ಪ್ರಕಟಿಸಿದರು. ಅಮೆರಿಕದ ಗುಂಪಿನಲ್ಲಿ ನೂರಕ್ಕೆ 93 ಮಂದಿ ತಮ್ಮನ್ನು ಮೇಲಿನ ಅರ್ಧದಲ್ಲಿ ಇರಿಸಿಕೊಂಡರು; ಸ್ವೀಡನ್ನಿನ ಗುಂಪಿನಲ್ಲಿ 69 ಮಂದಿ. ಅರ್ಧವೆಂದರೆ ಐವತ್ತು ಎಂಬ ಲೆಕ್ಕ ಬಲ್ಲವರು ಇಲ್ಲಿ ನಗಬಹುದು. 1999ರಲ್ಲಿ ಅಮೆರಿಕದ ಡನಿಂಗ್ ಮತ್ತು ಕ್ರೂಗರ್ ಎಂಬ ಇಬ್ಬರು ವಿದ್ವಾಂಸರು ತರ್ಕ, ವ್ಯಾಕರಣ ಮುಂತಾದ ವಿಷಯಗಳಲ್ಲಿ ಪರೀಕ್ಷೆ ನಡೆಸಿದರು. ಎಲ್ಲರಿಗಿಂತ ಕೆಳಗಿನ ಕಾಲುಭಾಗದವರು ನೂರರಲ್ಲಿ ಸುಮಾರು ಹನ್ನೆರಡು ಮಂದಿಗಿಂತ ಮಾತ್ರ ಮೇಲಿದ್ದರು. ತಾವು ಅರವತ್ತೆರಡು ಮಂದಿಗಿಂತ ಮೇಲೆಂದು ಅವರ ಅಂದಾಜು. ತಿಳಿಯದವನಿಗೆ, ತನಗೆ ತಿಳಿಯದೆಂಬುದನ್ನು ತಿಳಿಯುವುದಕ್ಕೂ ಅದೇ ತಿಳಿವಳಿಕೆ ಬೇಕಲ್ಲ ಎಂಬುದು ಅವರ ವಾದ. ವ್ಯಾಕರಣದ ಪರೀಕ್ಷೆಯೂ ಅದರಲ್ಲಿ ಸೇರಿತ್ತೆಂಬುದನ್ನು ಓದಿ ನಾನು ಪುಸ್ತಕವನ್ನು ಸ್ವಲ್ಪ ಹೊತ್ತು ಮುಚ್ಚಿಟ್ಟೆ.

ಆದರೆ ನನ್ನ ಅನುಭವ ಅದಕ್ಕೊಂದು ಮಾತು ಸೇರಿಸುತ್ತದೆ. ಏನೂ ತಿಳಿಯದ ಮೊದಲ ದಿನ ನಾನು ಅಪಾಯದಲ್ಲಿರಲಿಲ್ಲ. ಅಂದು ಭಯವೇ ನನ್ನ ಗುರುವಾಗಿತ್ತು. ಅಪಾಯ ಬಂದದ್ದು ಮೂರನೆಯ ಸಲ. ಎರಡು ಸಲ ಮುಳುಗದೆ ಬಂದದ್ದನ್ನು ಎರಡು ಪದವಿಪತ್ರಗಳೆಂದು ಭಾವಿಸಿದ್ದೆ. ನೀರು ಅಂದು ಪರೀಕ್ಷೆಯನ್ನೇ ಮಾಡಿರಲಿಲ್ಲ. ಹಾಜರಿ ಹಾಕಿ ಕಳುಹಿಸಿತ್ತು, ಅಷ್ಟೆ. ಎಡವಿಯೂ ಬೀಳದೆ ಬಂದ ಪ್ರತಿಯೊಂದು ಸಲವೂ, ಎಡವಿದೆನೆಂಬುದು ಮರೆತು ಬೀಳಲಿಲ್ಲವೆಂಬುದಷ್ಟೇ ನಮ್ಮ ಲೆಕ್ಕಕ್ಕೆ ಸೇರುತ್ತದೆ. ಅಮೆರಿಕದ ಕರಾವಳಿ ರಕ್ಷಣಾ ಪಡೆ ವಿಹಾರ ದೋಣಿಗಳ ಅಪಘಾತಗಳ ಬಗೆಗೆ ವರ್ಷವರ್ಷವೂ ವರದಿ ಹೊರಡಿಸುತ್ತದೆ. ಮುಳುಗಿ ಸತ್ತವರಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಮಂದಿ ಜಾಕೆಟ್ ತೊಟ್ಟಿರಲಿಲ್ಲವೆಂಬುದು ಅದರಲ್ಲಿ ಮತ್ತೆ ಮತ್ತೆ ಬರುವ ಮಾತು. ಅವರಲ್ಲಿ ಎಷ್ಟು ಜನಕ್ಕೆ ನನ್ನಂತೆ ಈಜು ಬರುತ್ತಿತ್ತೋ!

ಇಂಗ್ಲೆಂಡಿನ ದಕ್ಷಿಣ ತೀರದ ಲೈಮ್ ಕೊಲ್ಲಿಯಲ್ಲಿ ನಡೆದುದನ್ನು ಓದಿದ ರಾತ್ರಿಯಂತೂ ನನಗೆ ನಿದ್ರೆ ಬರಲಿಲ್ಲ. 1993ರ ಮಾರ್ಚ್ 22ರಂದು ಪ್ಲಿಮತ್ ನಗರದ ಎಂಟು ಮಂದಿ ಶಾಲಾ ಮಕ್ಕಳು, ಒಬ್ಬ ಉಪಾಧ್ಯಾಯರು, ಇಬ್ಬರು ಶಿಕ್ಷಕರು ಲೈಮ್ ರೀಜಿಸ್‌ನಿಂದ ಚಾರ್ಮತ್‌ಗೆ ಕಯಾಕ್‌ಗಳಲ್ಲಿ ಹೊರಟರು. ದೂರ ಸುಮಾರು ಎರಡು ಮೈಲಿ. ಗಾಳಿ ಅವರನ್ನು ಕಡಲಿಗೆ ತಳ್ಳಿತು. ದೋಣಿಗಳು ಒಂದೊಂದಾಗಿ ಮಗುಚಿದವು. ತಣ್ಣೀರಿನಲ್ಲಿ ಗಂಟೆಗಟ್ಟಲೆ ಕಳೆದು ನಾಲ್ವರು ಮಕ್ಕಳು ತೀರಿಕೊಂಡರು. ಹೀಗಾಗಬಹುದೆಂದು ಆ ಕೇಂದ್ರದಲ್ಲಿ ಹಿಂದೆ ಕೆಲಸ ಮಾಡಿದ್ದ ಶಿಕ್ಷಕರೇ ಮೊದಲೇ ಕಾಗದ ಬರೆದು ಎಚ್ಚರಿಸಿದ್ದರು. 1995ರಲ್ಲಿ ಆ ದೇಶ ಇಂಥ ಕೇಂದ್ರಗಳಿಗೆ ಪರವಾನಗಿಯ ಕಾನೂನು ಮಾಡಿತು. ಅಲ್ಲಿಯೂ ಎಚ್ಚರಿಕೆಯ ವಾಕ್ಯ ಇತ್ತು, ಓದಿದವರೂ ಇದ್ದರು. ಅರ್ಥವಾಗಲು ನಾಲ್ಕು ಮಕ್ಕಳು ಹೋಗಬೇಕಾಯಿತು.

ವಿರಾಟನಗರದ ಉತ್ತರಕುಮಾರನನ್ನು ನಾವು ಅನ್ಯಾಯವಾಗಿ ನಗುತ್ತೇವೆ ಎಂದು ಈಗ ನನಗನಿಸುತ್ತದೆ. ಅವನು ಹೆಂಗಸರ ನಡುವೆ ಕೊಚ್ಚಿಕೊಂಡದ್ದು ನಿಜ. ಆದರೆ ಕೌರವಸೇನೆ ಕಣ್ಣಿಗೆ ಬಿದ್ದೊಡನೆ ಅದು ಸೇನೆಯೆಂದು ಅವನಿಗೆ ತಿಳಿಯಿತು. ರಥದಿಂದ ಧುಮುಕಿ ಓಡಿದ. ನನಗೆ ಇಳಿತ ಎದುರಿಗಿದ್ದರೂ ಕಾಣಲಿಲ್ಲ. ನೀರಿಗೆ ಸೇನೆಯಂತೆ ಧ್ವಜವಿಲ್ಲ, ಶಂಖವಿಲ್ಲ. ಅದು ನಮ್ಮ ಬೆನ್ನ ಮೇಲೆ ಕೈಯಿಟ್ಟು, 'ನೀವು ಬಲಶಾಲಿಗಳು' ಎಂದು ಹೇಳುತ್ತಾ ಕರೆದೊಯ್ಯುತ್ತದೆ.

ಆ ದಿನ ಒದ್ದೆ ಬಟ್ಟೆಯಲ್ಲಿ ಮನೆಗೆ ಬಂದೆವು. 'ಮಾವ ನೀರಿಗೆ ಬಿದ್ದರು' ಎಂದು ಮಗು ನಗುತ್ತಾ ಹೇಳಿತು. ಎಲ್ಲರೂ ನಕ್ಕರು. ನಾನೂ ನಕ್ಕೆ. ದಂಡೆಯ ಹತ್ತಿರವೇ ಎಲ್ಲೋ ಜಾರಿದೆನೆಂದು ಅವರು ತಿಳಿದುಕೊಂಡರು. ತಿಳಿದುಕೊಳ್ಳಲಿ ಎಂದು ನಾನು ಸುಮ್ಮನಿದ್ದೆ. ತಂಗಿ ಬಿಸಿ ಕಾಫಿ ತಂದು ಕೈಗಿಟ್ಟು, 'ಸದ್ಯ, ನೀನಿದ್ದೆಯಲ್ಲ ಅಣ್ಣ ಮಗುವಿನ ಜೊತೆಗೆ' ಎಂದಳು. ಆ ಲೋಟ ಹಿಡಿದ ಕೈ ನಡುಗಿದ್ದು ಚಳಿಗೆಂದು ಅವಳು ಶಾಲು ತಂದುಕೊಟ್ಟಳು.

ಅದಾದ ಮೇಲೂ ನಾನು ಕಯಾಕ್ ಹತ್ತಿದ್ದೇನೆ. ನೀರಿನ ಮೇಲಿನ ಮುನಿಸು ನನಗಿಲ್ಲ. ಆ ಕುದ್ರುಗಳ ನಡುವಿನ ಬೆಳಗು ಬಿಟ್ಟುಬಿಡುವಂಥದಲ್ಲ. ದಂಡೆಗೆ ಹೋದೊಡನೆ, ನೀರು ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ಮೊದಲು ಕೇಳುತ್ತೇನೆ. ಹೊರಡುವಾಗ ದೋಣಿ ಸಲೀಸಾಗಿ ಸಾಗಿದರೆ ಹಿಂದಿರುಗಿ ನೋಡಿ, ಐದು ನಿಮಿಷ ಎದುರು ಹುಟ್ಟು ಹಾಕಿ ಪರೀಕ್ಷಿಸಿ, ಆಮೇಲೆ ಮುಂದಕ್ಕೆ. ಜಾಕೆಟ್ಟಿನ ಪಟ್ಟಿಯನ್ನು ಮಗುವೇ ಎಳೆದು ನೋಡುತ್ತದೆ. ಎಚ್ಚರಿಕೆ ಹೇಳುವ ಹುಡುಗನ ಮಾತಿನಲ್ಲಿ ಹಳಗನ್ನಡ ಹುಡುಕುವುದನ್ನು, ದಡಕ್ಕೆ ಮರಳಿದ ಮೇಲಿನ ಕೆಲಸವೆಂದು ಇಟ್ಟುಕೊಂಡಿದ್ದೇನೆ.

ಇನ್ನೊಂದು ಕೆಲಸ ಮಾತ್ರ ಉಳಿದಿತ್ತು. ಸೆಕೆಯಾದರೆ ಜಾಕೆಟ್ ತೆಗೆದುಬಿಡು ಎಂದು ನಾನು ಮಗುವಿಗೆ ಹೇಳಿದ್ದು ಇಂದಿನವರೆಗೂ ನನ್ನ ತಂಗಿಗೆ ಗೊತ್ತಿಲ್ಲ. ಮಗು ಹೇಳಿಲ್ಲ, ನನಗೆ ಬಾಯಿ ಬಂದಿಲ್ಲ. ತಂಗಿಯ ಮನೆಗೆ ಈ ಪತ್ರಿಕೆ ಭಾನುವಾರ ತಪ್ಪದೆ ಬರುತ್ತದೆ. ಅಣ್ಣ ಬರೆದದ್ದೆಂದರೆ ಅವಳು ಅಡಿಗೆಯ ಒಲೆ ಆರಿಸಿ ಓದುತ್ತಾಳೆ. ಓದಲಿ. ಅವಳ ಮಗಳನ್ನು ಅಂದು ಕಾಪಾಡಿದ್ದು ಜೊತೆಗಿದ್ದ ಅಣ್ಣನಲ್ಲ. ಮನೆಯಲ್ಲಿದ್ದ ಅವಳ ಬೈಗುಳದ ಭಯ. ಇನ್ನು ಆ ಬೈಗುಳ ನನಗೆ ಬರಬೇಕಾದದ್ದು. ಈ ಸಲ ನಾನು ವಾಕ್ಯವನ್ನೇ ಕೇಳುತ್ತೇನೆ.